ಆಡು ತೋರಿಸುವ ಹೊತ್ತು

ನಮ್ಮ ಮಗಳಿಗೆ ಆಡು ಕಂಡರೆ ಆಗುತ್ತಿರಲಿಲ್ಲ. ದೂರದಲ್ಲಿ ಅದರ ಬಾಲ ಕಂಡರೂ ಸಾಕು, ಬಾಯಿ ಅಗಲಿಸಿ ಅಳಲು ಶುರು ಮಾಡುತ್ತಿದ್ದಳು. ಕೂಸು ಹೆದರುತ್ತದೆ ಎಂದು ಗಲ್ಲಿಯವರೆಲ್ಲ ಅಂದುಕೊಂಡಿದ್ದರು. ಹೆದರಿಕೆಯೂ ಇಲ್ಲ, ಮಣ್ಣೂ ಇಲ್ಲ. ಮೊದಮೊದಲು ಅದರ ಕಿವಿ ಹಿಡಿದು ಜಗ್ಗಿ, ಅದರ ಬಾಯೊಳಗಿನ ಎಲೆ ಕಿತ್ತು ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದವಳು ಇವಳೇ. ಅಂಥವಳು ಒಂದು ಬಡ ಪ್ರಾಣಿಯ ಮೇಲೆ ಹಗೆ ಸಾಧಿಸುವ ಹಾಗೆ ಮಾಡಿದವರು ನಾವಿಬ್ಬರು, ಅವಳ ಅಪ್ಪನಾದ ನಾನು ಮತ್ತು ಅವಳ ಅವ್ವ.

ಆಗ ನಾವು ಬೀದರಿನ ಹಳೆ ಊರಿನ ಒಂದು ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ಮುಂದೊಂದು ಕೋಣೆ, ಹಿಂದೆ ಅಡುಗೆಗೆ ಕತ್ತಲೆಯ ಇನ್ನೊಂದು, ಬಾಗಿಲ ಮುಂದೆ ಗೇಣಗಲದ ಕಟ್ಟೆ, ಕಟ್ಟೆಯಿಂದ ಕಾಲಿಟ್ಟರೆ ನೇರ ಗಟಾರ. ಹೆಂಡತಿ ಔರಾದ ತಾಲೂಕಿನ ಹಳ್ಳಿಯೊಂದರಲ್ಲಿ ನರ್ಸು. ಬೆಳಿಗ್ಗೆ ಔರಾದ ಬಸ್ಸು ಹತ್ತಿದಳೆಂದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಐ.ಟಿ.ಐ. ಕಲಿತು, ಒಬ್ಬ ಗುತ್ತೇದಾರರ ಹತ್ತಿರ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದವನು. ಗೌಂಡಿಗಳ ಮೇಲೆ ಕೂಗಾಡುವುದು, ಗೋಡೆ ಸೊಟ್ಟ ಬಂದರೆ ಕೆಡವಿಸುವುದು, ಬಿಸಿಲಲ್ಲಿ ನಿಂತು ಚಹಾ ಕುಡಿಯುವುದು, ಇದೇ ನನ್ನ ಕೆಲಸ. ಆ ಕೆಲಸ ನನಗೆ ಬಹಳ ಸೇರುತ್ತಿತ್ತು.

ಮಳೆ ಒಂದು ವರ್ಷ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. ಬರ ಎಂದರೆ ಹೊಲದವರ ಕಷ್ಟ ಎಂದು ಊರಿನಲ್ಲಿದ್ದವರು ತಿಳಿದಿರುತ್ತಾರೆ. ಹೊಸದಾಗಿ ಕಟ್ಟಿದ ಗೋಡೆಗೆ ದಿನಾ ನೀರು ಕುಡಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ನಾನು ನಿಂತು ಕಟ್ಟಿಸುತ್ತಿದ್ದ ಮನೆಯ ಯಜಮಾನರು ಒಂದು ದಿನ ಬಂದು, "ಮಂದಿಗಿ ಕುಡಿಲಾಕ ನೀರಿಲ್ಲ, ನಿನ್ನ ಗ್ವಾಡಿಗಿ ಎಲ್ಲಿಂದ ತರ್ಲಿ? ಬಂದ್ ಮಾಡು" ಎಂದರು. ಹಾಗೆ ಊರಲ್ಲಿ ಒಂದೊಂದೇ ಕೆಲಸ ನಿಂತಿತು. ಗುತ್ತೇದಾರರು ಆಳುಗಳನ್ನೆಲ್ಲ ಹೈದರಾಬಾದಿಗೆ ಕಟ್ಟಿಕೊಂಡು ಹೊರಟರು. "ನೀನೂ ಬಾ" ಎಂದರು. ಕೂಸು ಆಗಿನ್ನೂ ಅಂಬೆಗಾಲಿಡುತ್ತಿತ್ತು, ಹೆಂಡತಿಗೆ ಹೆರಿಗೆ ರಜೆ ಮುಗಿದಿತ್ತು. ಮಳೆ ಬಂದರೆ ಇಲ್ಲೇ ಕೆಲಸ ಶುರುವಾಗುತ್ತದೆ, ಅಲ್ಲಿಯತನಕ ಮನೆಯಲ್ಲಿ ಕೂಸು ನೋಡಿಕೊಂಡಿದ್ದರಾಯಿತು ಎಂದು ನಾನು ಉಳಿದೆ. ಮಳೆ ಬರಲಿಲ್ಲ. ನಾನು ಮನೆಯಲ್ಲೇ ಸಿಕ್ಕಿಕೊಂಡೆ.

ಇನ್ನು ಆಡಿನ ವಿಷಯ. ನಮ್ಮ ಕಡೆ ಕೂಸನ್ನು ಬಿಟ್ಟು ಹೋಗುವವರು ಅದಕ್ಕೆ ಹೇಳಿ ಹೋಗುವ ಪದ್ಧತಿಯಿಲ್ಲ. ಹೇಳಿದರೆ ಅಳುತ್ತದೆ, ಹೊರಟವರ ಬೆನ್ನಿಗೆ ಅಳಬಾರದು. ಕಣ್ಣು ತಪ್ಪಿಸಿಯೇ ಹೋಗಬೇಕು. ಒಬ್ಬರು ಕೂಸನ್ನು ಎತ್ತಿಕೊಂಡು "ಬಾ, ಕಾಗಿ ನೋಡಮು" ಎಂದು ಆಚೆ ಒಯ್ಯಬೇಕು, ಇನ್ನೊಬ್ಬರು ಅಷ್ಟರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಜಾರಿಕೊಳ್ಳಬೇಕು. ನಮ್ಮ ಕಡೆಯ ಮಕ್ಕಳೆಲ್ಲ ಹೀಗೆ ಕಾಗೆ, ಎಮ್ಮೆ, ಬಸ್ಸು ನೋಡುತ್ತಲೇ ದೊಡ್ಡವರಾದವರು. ನಾನೂ ಹಾಗೇ ಆದವನು. ನಮ್ಮ ಎದುರು ಮನೆಯ ಹಿರಿಯಮ್ಮ, ನಾವೆಲ್ಲ ಖಾಲಾ ಎನ್ನುತ್ತಿದ್ದವರು, ಒಂದು ಆಡು ಸಾಕಿದ್ದರು, ಬೇವಿನ ಮರಕ್ಕೆ ಕಟ್ಟುತ್ತಿದ್ದರು. ದಿನಾ ಬೆಳಿಗ್ಗೆ ನಾನು ಮಗಳನ್ನು ಎತ್ತಿಕೊಂಡು ಆಡು ತೋರಿಸಲು ಹೋಗುವುದು, ಹೆಂಡತಿ ಹಿಂದಿನಿಂದ ಗೋಡೆಗೆ ಅಂಟಿಕೊಂಡು ಗಲ್ಲಿ ದಾಟುವುದು. ಕಳ್ಳಿ ಹಾಗೆ ಹೋಗುತ್ತಿದ್ದಳು ಪಾಪ, ಅದೂ ಬಿಳಿ ಸೀರೆ ಉಟ್ಟುಕೊಂಡು.

ಅವಳು ಹೋದ ಮೇಲೆ ಬಾಗಿಲು ಹಾಕಿ ಒಳಗಿನ ಚಿಲಕ ಏರಿಸುತ್ತಿದ್ದೆ. ಹಾಕದೆ ವಿಧಿಯಿಲ್ಲ. ಕೂಸು ಆಗಷ್ಟೇ ಹೆಜ್ಜೆ ಕಲಿತಿತ್ತು, ತೆರೆದ ಬಾಗಿಲು ಕಂಡರೆ ಗಟಾರದ ಕಡೆಗೇ ಅದರ ಸವಾರಿ. ಚಿಲಕ ಬಿತ್ತೆಂದರೆ ಆ ಕೋಣೆಯಲ್ಲಿ ನಾವಿಬ್ಬರೇ. ಅವಳು ಹಿಟ್ಟಿನ ಡಬ್ಬಿ ಚೆಲ್ಲುವುದು, ನಾನು ಬಳಿಯುವುದು. ನಾನು ಅನ್ನ ತಿನ್ನಿಸುವುದು, ಅವಳು ಅದನ್ನು ಉಗಿದು ನನ್ನ ಕೈಗೇ ವಾಪಸ್ ಕೊಡುವುದು. ನಿದ್ದೆ ಬಂದರೆ ಮಲಗುವ ಬುದ್ಧಿಯೂ ಇರಲಿಲ್ಲ ಆ ಹುಡುಗಿಗೆ. ಕಣ್ಣುಜ್ಜಿಕೊಂಡು, ಗೋಡೆಗೆ ತಲೆ ಹೊಡೆದುಕೊಂಡು, ನನಗೆ ಒದ್ದು, ಆಮೇಲೆ ಮಲಗಬೇಕು. ನಾಲ್ಕು ಮಾತು ಬಾರದ ಕೂಸಿನ ಜೊತೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. "ನನಗರ ಏನು ಹೌಸೇನ ನಿನ್ನ ಮುಸಡಿ ನೋಡ್ಕೋತ ಕೂಡ್ಲಾಕ?" ಎಂದು ಒದರುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿ, ಆಮೇಲೆ ಅದರೊಳಗೆ ಬೆರಳು ಹಾಕುತ್ತಿದ್ದಳು.

ಟ್ಯಾಂಕರು ಬರುವ ದಿನ ಇನ್ನೊಂದು ಫಜೀತಿ. ಬಗಲಲ್ಲಿ ಕೂಸು, ಕೈಯಲ್ಲಿ ಕೊಡ, ಮುಂದೆ ಹಿಂದೆ ಹೆಂಗಸರ ಸಾಲು. ಗಂಡಸು ಕೂಸೆತ್ತಿಕೊಂಡು ನೀರಿಗೆ ನಿಲ್ಲುವುದನ್ನು ಆ ಗಲ್ಲಿ ಮೊದಲು ನೋಡಿರಲಿಲ್ಲ. ಕನಿಕರ ಪಟ್ಟು ಜಾಗ ಬಿಡುವವರೂ ಇದ್ದರು, ಸೆರಗು ಬಾಯಿಗೊತ್ತಿ ನಗುವವರೂ ಇದ್ದರು. ಚೌಕದ ಹೋಟೆಲಿನ ಗೆಳೆಯರದ್ದು ಒಂದೇ ಮಾತು, "ಏನಪಾ, ಇವತ್ತ ಏನ್ ಅಡಗಿ ಮಾಡಿದಿ?" ಮೊದಲು ನಾನೂ ನಗುತ್ತಾ "ಪುಂಡಿ ಪಲ್ಯ, ರೊಟ್ಟಿ" ಎನ್ನುತ್ತಿದ್ದೆ. ಬರಬರುತ್ತಾ ಆ ಹೋಟೆಲಿನ ದಾರಿ ಬಿಟ್ಟು ಸುತ್ತಿ ಹೋಗತೊಡಗಿದೆ.

ಹೊರಗೆ ಹೋಗಬೇಕೆನಿಸಿದರೆ ಮಗಳು ಕೇಳುವ ರೀತಿ ಒಂದಿತ್ತು. ಬಾಗಿಲ ಸಂದಿಯಲ್ಲಿದ್ದ ನನ್ನ ಚಪ್ಪಲಿಗಳನ್ನು ಒಂದೊಂದಾಗಿ ಹೊತ್ತು ತಂದು ನನ್ನ ಮುಂದೆ ಹಾಕುತ್ತಿದ್ದಳು. ಆಮೇಲೆ ಓಡಿಹೋಗಿ ತನ್ನವನ್ನು ತಂದು ಅವುಗಳ ಪಕ್ಕಕ್ಕಿಡುತ್ತಿದ್ದಳು. ಅವಳವು ನಡೆದರೆ ಪೀ ಪೀ ಎನ್ನುವ ಕೆಂಪು ಚಪ್ಪಲಿ, ಅವ್ವ ಔರಾದ ಸಂತೆಯಿಂದ ತಂದದ್ದು. ನನ್ನವು ತಂದಳು ಎಂದರೆ ಅವಳವೂ ಬಂದವು ಎಂದೇ ಲೆಕ್ಕ. ಬಿಸಿಲು ಎಷ್ಟೇ ಇರಲಿ, ಆ ನಾಲ್ಕು ಚಪ್ಪಲಿ ಸಾಲಾಗಿ ಕಂಡ ಮೇಲೆ ಇಲ್ಲ ಎನ್ನಲು ನನ್ನಿಂದಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕೋಣೆ ಬಿಟ್ಟು ಹೊರಬೀಳಲು ನನಗೂ ಅದೊಂದು ನೆಪ ಬೇಕಿತ್ತು.

ಹಾಗೆ ಒಂದು ದಿನ ಗೆಳೆಯನ ಮೋಟಾರ್ ಸೈಕಲ್ ಇಸಿದುಕೊಂಡು ಅವಳನ್ನು ಊರಾಚೆಯ ಅಷ್ಟೂರಿಗೆ, ಹಳೆಯ ಸುಲ್ತಾನರ ಗೋರಿಗಳಿರುವಲ್ಲಿಗೆ, ಕರೆದೊಯ್ದೆ. ಗುಮ್ಮಟಗಳ ಒಳಗೆ ತಣ್ಣಗಿರುತ್ತದೆ, ಮಧ್ಯಾಹ್ನ ಕಳೆಯಲು ಒಳ್ಳೆಯ ಜಾಗ. ಕೆಳಗೆ ಬಿಟ್ಟ ತಕ್ಷಣ ಅವಳ ಚಪ್ಪಲಿ ಪೀ ಅಂದಿತು, ಮೇಲಿಂದ ಗುಮ್ಮಟವೂ ಪೀ ಅಂದಿತು. ಅವಳು ನಿಂತು ಮೇಲೆ ನೋಡಿದಳು. ಮತ್ತೊಂದು ಹೆಜ್ಜೆ, ಮತ್ತೊಂದು ಪೀ. ಆಮೇಲೆ ಶುರುವಾಯಿತು ನೋಡಿ ಕುಣಿತ! ಸುಲ್ತಾನರ ಗೋರಿಯ ಸುತ್ತ ಪೀ ಪೀ ಪೀ ಎಂದು ಓಡುವುದು, ನಗುವುದು, ಆ ನಗು ಮೇಲೆ ಹೋಗಿ ಇಮ್ಮಡಿಯಾಗಿ ಬೀಳುವುದು. ಎಷ್ಟೋ ತಿಂಗಳ ಮೇಲೆ ನಾನೂ ಹೊಟ್ಟೆ ಹಿಡಿದು ನಕ್ಕೆ.

ಅಷ್ಟರಲ್ಲಿ ನೆರಳು ಹುಡುಕಿಕೊಂಡು ಯಾರದೋ ಆಡುಗಳು ಬಾಗಿಲಿಗೆ ಬಂದವು. ಮಗಳ ಕುಣಿತ ನಿಂತಿತು. ಆಡುಗಳನ್ನು ನೋಡಿದಳು, ಆಮೇಲೆ ತಿರುಗಿ ಸುತ್ತಲೂ ಹುಡುಕಿದಳು. ಅಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಓಡಿ ಬಂದು ನನ್ನ ಎರಡೂ ಕಾಲು ತಬ್ಬಿಕೊಂಡು ಚೀರಿದಳು. ಗುಮ್ಮಟ ಆ ಚೀರಾಟವನ್ನೂ ಇಮ್ಮಡಿ ಮಾಡಿತು. ಆಡು ಬಂತೆಂದರೆ ಯಾರೋ ಹೋಗುತ್ತಾರೆ. ಇಲ್ಲಿರುವುದು ಅಪ್ಪ ಒಬ್ಬನೇ, ಹಾಗಾದರೆ ಹೋಗುವವನು ಅಪ್ಪನೇ. ಇಷ್ಟೇ ಅವಳ ಲೆಕ್ಕ. ಅದು ನನಗೆ ಹೊಳೆದದ್ದು ಅಲ್ಲಿ. ಇಷ್ಟು ದಿನ ಹೆದರಿಕೆ ಎಂದು ತಿಳಿದು ಆಡಿನ ಹತ್ತಿರ ಒಯ್ದು ಒಯ್ದು ರೂಢಿ ಮಾಡಿಸಲು ನೋಡುತ್ತಿದ್ದ ಮಹಾ ಬುದ್ಧಿವಂತ ನಾನು.

ಅಂದು ಸಂಜೆ ಹೆಂಡತಿಗೆ ಹೇಳಿದೆ. ಅವಳು ಬಂದವಳೇ ಕೈಕಾಲು ತೊಳೆದು, ಗೋಡೆಗೆ ಒರಗಿ, ಮಗಳಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ಕೇಳಿ, "ಮತ್ತ ಏನ್ ಮಾಡಬೇಕರಿ? ಹೇಳಿ ಹೋದ್ರ ನನ್ನ ಸೀರಿ ಬಿಡಂಗಿಲ್ಲ. ಬಸ್ ತಪ್ಪತದ" ಎಂದಳು. ಉಪಾಯ ಬದಲಿಸಿದೆವು. ಆಡು ಬಿಟ್ಟು ಪಾರಿವಾಳ ತೋರಿಸಿದೆವು. ಪಾರಿವಾಳದ ಗುಟ್ಟು ತಿಳಿಯಲು ಅವಳಿಗೆ ಬಹಳ ದಿನ ಬೇಕಾಗಲಿಲ್ಲ. ಆಮೇಲೆ ಹಾಲಿನವನ ಸೈಕಲ್ಲು, ಆಮೇಲೆ ಮಸೀದಿಯ ಮೇಲಿನ ಗಿಳಿ, ಆಮೇಲೆ ಖಾಲಾನ ಹೊಲಿಗೆ ಯಂತ್ರ. ಒಂದೊಂದನ್ನೂ ಕಂಡು ಅಳತೊಡಗಿದಳು. ಕೊನೆಗೆ ಆ ಗಲ್ಲಿಯಲ್ಲಿ ಅವಳಿಗೆ ತೋರಿಸಲು ನಮ್ಮ ಹತ್ತಿರ ಏನೂ ಉಳಿಯಲಿಲ್ಲ.

"ಅರೇ ಬೇಟಾ, ನಿನ್ನ ಪೋರಿಗಿ ನನ್ನ ಬಕರಿ ಮ್ಯಾಲ ಏನ್ ದುಶ್ಮನಿ?" ಎಂದು ಖಾಲಾ ಕೇಳುತ್ತಿದ್ದರು. "ಬಕರಿದೇನೂ ತಪ್ಪಿಲ್ಲ ಖಾಲಾ" ಎನ್ನುತ್ತಿದ್ದೆ. ತಮ್ಮ ಆಡಿಗೆ ಕೂಸಿನ ದೃಷ್ಟಿ ತಗಲಿತೋ, ಕೂಸಿಗೇ ಆಡಿನ ದೃಷ್ಟಿ ತಗಲಿತೋ ತಿಳಿಯದೆ ಅವರು ಇಬ್ಬರಿಗೂ ಮೆಣಸಿನಕಾಯಿ ನಿವಾಳಿಸಿದರು.

ಹೆಂಡತಿಗೂ ನನಗೂ ಆ ದಿನಗಳಲ್ಲಿ ಜಗಳ ಹತ್ತಲು ಕಾರಣವೇ ಬೇಕಿರಲಿಲ್ಲ. "ನಿನಗೇನು, ಮುಂಜಾನೆದ್ದು ಹೊರಗ ಹೋಗ್ತಿ, ನಾಕ ಮಂದಿ ಮುಖ ನೋಡ್ತಿ. ನಾ ಇಲ್ಲಿ ಜೇಲಿನಾಗ ಇದ್ದಂಗ ಇದ್ದೀನಿ" ಎಂದು ಒಂದು ದಿನ ಅಂದುಬಿಟ್ಟೆ. ಅವಳು ತಟ್ಟೆ ಕೆಳಗಿಟ್ಟು ನನ್ನನ್ನು ನೋಡಿದಳು. "ಅಕಿ ಮೊದಲನೇ ಹೆಜ್ಜಿ ಇಟ್ಟಿದ್ದು ನೀವ್ ನೋಡಿದ್ರಿ. ನಾ ನೋಡಿಲ್ಲ. ನನಗ ಫೋನ್‌ನಾಗ ಹೇಳಿದ್ರಿ. ಇಬ್ಬರದಾಗ ಜೇಲಿನಾಗ ಯಾರಿದ್ದಾರರಿ?" ಎಂದಳು. ಒಬ್ಬರ ಜಾಗ ಇನ್ನೊಬ್ಬರಿಗೆ ಬೇಕು, ಅದಲು ಬದಲು ಮಾಡಿಕೊಳ್ಳುವ ಹಾಗೆ ಮಾತ್ರ ಇಲ್ಲ. ತಟ್ಟೆ ಎತ್ತಿ ಅವಳ ಕೈಗೆ ಕೊಟ್ಟೆ, ಅವಳು ತಿಂದಳು.

ಅವಳು ತರುತ್ತಿದ್ದ ಸುದ್ದಿಗಳೂ ಹಗುರಾಗಿರುತ್ತಿರಲಿಲ್ಲ. ಹಳ್ಳಿಗೆ ಹೋದರೆ ಓಣಿ ಓಣಿಯೇ ಬೀಗ. ಹರೆಯದವರು ಟೆಂಪೋ ತುಂಬಿಕೊಂಡು ಹೈದರಾಬಾದಿಗೆ, ಪುಣೆಗೆ ಹೋಗಿದ್ದಾರೆ. ಕೆಲವರು ಕೂಸುಗಳನ್ನು ಜೊತೆಗೆ ಒಯ್ದಿದ್ದಾರೆ, ಕೆಲವರು ಅಜ್ಜಿಯರ ಹತ್ತಿರ ಬಿಟ್ಟಿದ್ದಾರೆ. ಲಸಿಕೆ ಹಾಕಲು ಇವಳು ಮನೆ ಮನೆ ತಿರುಗಬೇಕು. ಒಂದು ಸಂಜೆ ಮಗಳ ತಲೆ ಸವರುತ್ತಾ, "ಬಿಟ್ಟು ಹೋದ ಕೂಸುಗಳದಾವಲ್ಲರಿ, ಕೆಲವು ಸೂಜಿ ಚುಚ್ಚಿದ್ರೂ ಅಳಂಗಿಲ್ಲ. ಸುಮ್ಮ ನನ್ನ ಮುಖ ನೋಡ್ತಾವ. ಅತ್ತರ ಎತ್ಕೋಬಹುದು. ಅಳಲಾರದಕ್ಕ ಏನ್ ಮಾಡಬೇಕು ನನಗ ತಿಳಿಯಂಗಿಲ್ಲ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಳದ ಕೂಸು ಸಿಕ್ಕರೆ ಪುಣ್ಯ ಎಂದುಕೊಂಡೆ. ಅಂದು ದಿನವೆಲ್ಲ ಅತ್ತವಳನ್ನು ಹೊತ್ತು ನನ್ನ ಭುಜ ಬಿದ್ದುಹೋಗಿತ್ತು.

ಆಮೇಲೆ ಗುತ್ತೇದಾರರ ಫೋನು ಬಂತು. ಹೈದರಾಬಾದಿನಲ್ಲಿ ದೊಡ್ಡ ಕೆಲಸ ಹಿಡಿದಿದ್ದಾರೆ, ಬಹುಮಹಡಿ ಕಟ್ಟಡ, ನೋಡಿಕೊಳ್ಳಲು ನಂಬಿಕೆಯ ಮನುಷ್ಯ ಬೇಕು. "ಸೋಮವಾರ ಭಾಲ್ಕಿಯಿಂದ ನಮ್ಮ ಟೆಂಪೋ ಹೊಂಡತದ. ನೀ ಬಂದ್ರ ನೀನು, ಇಲ್ಲಂದ್ರ ಬ್ಯಾರೇದವ. ಇನ್ನ ನಾ ಕೇಳಂಗಿಲ್ಲ ನೋಡು" ಎಂದರು. ಮೇಲೇರುವ ಪಿಲ್ಲರುಗಳು ಕಣ್ಣ ಮುಂದೆ ಬಂದವು, ಸ್ಲ್ಯಾಬಿಗೆ ಹೊಡೆಯುವ ಸೆಂಟ್ರಿಂಗ್ ಹಲಗೆಯ ವಾಸನೆ ಮೂಗಿಗೆ ಬಂತು. ಈ ಚಿಲಕ, ಈ ಗಟಾರ, ಈ ಹಿಟ್ಟಿನ ಡಬ್ಬಿ ಬಿಟ್ಟು ಹೋಗಬಹುದು! ಕೈಯಲ್ಲಿದ್ದ ಅನ್ನದ ತುತ್ತು ಮಗಳ ಮೂಗಿಗೆ ಮೆತ್ತಿದ್ದು ಕೂಡ ಗಮನಕ್ಕೆ ಬರಲಿಲ್ಲ.

ಭಾಲ್ಕಿಯಲ್ಲಿ ನಮ್ಮವ್ವ ಇದ್ದಳು, ಅಣ್ಣನ ಕಿರಾಣಿ ಅಂಗಡಿ, ಅವನ ಸಂಸಾರ, ಮನೆ ತುಂಬ ಜನ. "ತಂದು ಬಿಡು ಪೋರಿನ್ನ. ಐದು ಹಡೆದು ಸಾಕೀನಿ, ಒಂದಕ್ಕ ಅಂಜತೀನೇನು?" ಎಂದಳು ಅವ್ವ. ಹೆಂಡತಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಾನು ಹೋಗಬೇಕು ಎಂಬುದು ಅವಳಿಗೆ ಗೊತ್ತು. ಒಂದು ವರ್ಷದಿಂದ ನನ್ನ ಮುಖ ಹೇಗಾಗಿದೆ ಎಂಬುದನ್ನು ದಿನಾ ಸಂಜೆ ಬಂದು ನೋಡುತ್ತಿದ್ದವಳು ಅವಳೇ. ಮಗಳ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು, ಕೆಂಪು ಚಪ್ಪಲಿ ಒರೆಸಿ ಮೇಲಿಟ್ಟಳು. "ನೀವೇ ಬಿಟ್ಟು ಬರ್ರಿ. ನಾ ಬರಂಗಿಲ್ಲ. ಬಂದ್ರ ತಿರುಗಿ ಕರ್ಕೊಂಡೇ ಬರ್ತೀನಿ" ಎಂದಳು. ನಾವು ಹೊರಡುವ ಬೆಳಿಗ್ಗೆ ಆಡೂ ತೋರಿಸಲಿಲ್ಲ, ಪಾರಿವಾಳವೂ ತೋರಿಸಲಿಲ್ಲ. ಮಗಳು ಏಳುವ ಮೊದಲೇ ಅವಳು ಔರಾದ ಬಸ್ಸಿಗೆ ಹೋಗಿದ್ದಳು.

ಕೂಸಿಗೆ ರೂಢಿಯಾಗಲಿ ಎಂದು ಸೋಮವಾರಕ್ಕೆ ಕೆಲವು ದಿನ ಮುಂಚೆಯೇ ಭಾಲ್ಕಿಗೆ ಹೋದೆ. ಮೊದಲ ದಿನ ನನ್ನ ಅಂಗಿ ಬಿಡಲಿಲ್ಲ. ಮರುದಿನ ಅವ್ವ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿ ಬಾಯಿಗೆ ಸಕ್ಕರೆ ಹಾಕಿದ ಮೇಲೆ "ಆಯಿ, ಆಯಿ" ಎಂದು ಮಗಳು ಅಜ್ಜಿಯ ಹಿಂದೆ ಹತ್ತಿದಳು. ಹಿತ್ತಿಲಲ್ಲಿ ಎಮ್ಮೆ ಈದಿತ್ತು. ಆ ಕರು ಕಂಡು ಕೇಕೆ ಹಾಕಿ, ಕರುವಿನ ಜೊತೆ ತಾನೂ ಹುಲ್ಲಿನ ಮೇಲೆ ಉರುಳಾಡಿದಳು. ನೋಡಿ ನನಗೆ ಒಳಗೊಳಗೇ ಸಮಾಧಾನ. ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ. ಇಷ್ಟು ದಿನ ಕಾಲು ಕಟ್ಟಿ ಕೂಡಿಸಿದವಳು ಇಷ್ಟು ಬೇಗ ಅಪ್ಪನನ್ನು ಬಿಟ್ಟಳಲ್ಲ ಎಂದು.

ಸೋಮವಾರ ಬೆಳಿಗ್ಗೆ ಟೆಂಪೋ ಬಸ್ ನಿಲ್ದಾಣದ ಹತ್ತಿರ ಬಂದು ನಿಂತಿದೆ ಎಂದು ಫೋನು ಬಂತು. ನಾನು ಬ್ಯಾಗು ಹಿಂದಿನ ರಾತ್ರಿಯೇ ಅಣ್ಣನ ಅಂಗಡಿಯಲ್ಲಿಟ್ಟಿದ್ದೆ, ಮಗಳ ಕಣ್ಣಿಗೆ ಬೀಳಬಾರದೆಂದು. ಅವ್ವ ನನ್ನ ಕಡೆ ಕಣ್ಣು ಹೊಡೆದು, ದನಿಗೆ ಬೆಲ್ಲ ಹಚ್ಚಿ, "ಬಾ ನನ್ನವ್ವ, ಕರ ತೋರಸ್ತೀನಿ ಬಾ" ಎಂದಳು.

ಮಗಳು ಅಂಗಳದಲ್ಲಿ ಡಬ್ಬಿಯ ಮುಚ್ಚಳ ಬಡಿಯುತ್ತಾ ಕೂತಿದ್ದಳು. ಕೈ ನಿಂತಿತು. ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಈಗ ಬಾಯಿ ತೆಗೆಯುತ್ತಾಳೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಅಳಲಿ, ಅತ್ತರೂ ಹೋಗುವುದೇ, ಅವಳ ಅಳು ಕೇಳಿಸಿಕೊಳ್ಳುವುದು ನನಗೆ ರೂಢಿಯಾಗಿದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಮುಚ್ಚಳ ಕೆಳಗಿಟ್ಟು ಎದ್ದಳು. ಬಾಗಿಲ ಹತ್ತಿರ ಹೋಗಿ ನನ್ನ ಒಂದು ಚಪ್ಪಲಿ ಎದೆಗವಚಿಕೊಂಡು ತಂದು ನನ್ನ ಮುಂದಿಟ್ಟಳು. ಹೋಗಿ ಇನ್ನೊಂದು ತಂದಳು. ನಾನು ಮೂರನೆಯದಕ್ಕೆ ಕಾದೆ.

ಅವಳ ಕೆಂಪು ಚಪ್ಪಲಿ ಬಾಗಿಲ ಹತ್ತಿರವೇ ಇದ್ದವು. ಅವುಗಳ ಕಡೆ ನೋಡಲೂ ಇಲ್ಲ. ಅಜ್ಜಿಯ ಹತ್ತಿರ ಹೋಗಿ, ಅವಳ ಬೆರಳು ಹಿಡಿದು, ತಾನೇ ಹಿತ್ತಿಲಿನ ಕಡೆಗೆ ಎಳೆದಳು. ಬರಿಗಾಲಲ್ಲಿ, ಸದ್ದಿಲ್ಲದೆ ಹೋದಳು. ತಿರುಗಿ ನೋಡಲಿಲ್ಲ. "ಶಾಣ್ಯಾ ನನ್ನ ಕೂಸು, ಭಾಳ ಶಾಣ್ಯಾ" ಎನ್ನುತ್ತಾ ಅವ್ವ ಸಂಭ್ರಮದಿಂದ ಅವಳ ಹಿಂದೆ ನಡೆದಳು.

ನಾನು ಚಪ್ಪಲಿ ಮೆಟ್ಟಿದೆ. ಹೊರಬಿದ್ದು ಓಣಿಯ ತಿರುವಿನತನಕ ಬಂದೆ. ಅಲ್ಲಿ ನಿಂತೆ. ಈಗ ಅಳುತ್ತಾಳೆ, ಅಳು ಕೇಳಿದ ಮೇಲೆ ಹೋಗೋಣ ಎಂದು ನಿಂತೆ. ಕಿವಿ ಹಿಂದಕ್ಕೇ ಇತ್ತು. "ನೋಡಲ್ಲಿ, ಕರ ಹ್ಯಾಂಗ ಹಾಲು ಕುಡಿತದ" ಎನ್ನುವ ಅವ್ವನ ದನಿ ಗೋಡೆ ದಾಟಿ ಬಂತು. ಕೇಕೆ ಬರಲಿಲ್ಲ, ಅಳು ಬರಲಿಲ್ಲ. ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ತೆಗೆದರೆ ಟೆಂಪೋದವನು, "ಎಲ್ಲಿದ್ದೀರಿ? ಎಲ್ಲಾರೂ ಕುಂತಾರ, ನೀವೊಬ್ರೇ ಬಾಕಿ." ಬಂದೆ ಎಂದೆ. ಬಾಯಿ ಬಂದೆ ಎಂದಿತು, ಕಾಲು ಏಳಲಿಲ್ಲ. ನನಗೆ ಆಗ ಹೆಂಡತಿಯ ಮಾತು ನೆನಪಾಯಿತು, ಸೂಜಿ ಚುಚ್ಚಿದರೂ ಮುಖ ನೋಡುತ್ತಾ ಕೂಡುವ ಕೂಸುಗಳದ್ದು.

ತಿರುಗಿ ಬಂದೆ. ಹಿತ್ತಿಲಲ್ಲಿ ಅವ್ವ ಕರುವಿನ ಕುತ್ತಿಗೆ ಹಿಡಿದು ಆಡಿಸುತ್ತಿದ್ದಳು. ಮಗಳು ಅವಳ ಪಕ್ಕದಲ್ಲಿ ಕೂತು ಕರುವನ್ನು ನೋಡುತ್ತಿದ್ದಳು. ಆಟವಿಲ್ಲ, ಉರುಳಾಟವಿಲ್ಲ, ದೊಡ್ಡವರ ಹಾಗೆ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡರೂ ಎದ್ದು ಓಡಿಬರಲಿಲ್ಲ. ಮನೆಗೆ ಬಂದ ಬೀಗರನ್ನು ನೋಡುವ ಹಾಗೆ ನೋಡಿದಳು.

ಅವ್ವನಿಗೆ ಸಿಟ್ಟು ಬಂತು. "ಹುಚ್ಚು ಹಿಡದದೇನು ನಿನಗ? ಇಷ್ಟ ಚಂದ ಸುಮ್ಮ ಕುಂತಿತ್ತು ಕೂಸು, ಒಂದ್ ಹನಿ ಕಣ್ಣೀರು ಹಾಕಿಲ್ಲ. ಯಾಕ ಬಂದಿ?"

"ಅದಕ್ಕೇ ಬಂದೀನಿ ಅವ್ವ" ಎಂದೆ.

ಅವಳಿಗೆ ಅದು ತಿಳಿಯಲಿಲ್ಲ. ತಿಳಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ಟೆಂಪೋದವನಿಗೆ ಹೋಗಿಬಿಡ್ರಿ ಎಂದು ಹೇಳಿ, ಫೋನು ಬಂದ್ ಮಾಡಿ ಗೋಡೆ ಹಿಡಿದು ನಿಂತೆ. ಅದು ತ್ಯಾಗವಲ್ಲ, ಯಾರೂ ಹಾಗೆ ತಿಳಿಯಬಾರದು. ಬೀದರ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. ಮಳೆಯನ್ನು ಬೈದೆ, ಗುತ್ತೇದಾರರನ್ನು ಬೈದೆ, ಗಂಡಸಾಗಿ ಹುಟ್ಟಿ ಕೂಸು ಹೊತ್ತು ತಿರುಗುವ ನನ್ನ ಹಣೆಬರಹವನ್ನು ಬೈದೆ. ಕಿಟಕಿಯಾಚೆ ಒಣಗಿದ ತೊಗರಿ ಹೊಲಗಳು, ನೀರಿಲ್ಲದ ಹಳ್ಳಗಳು. ಗಂಟುಮೂಟೆ ಹೇರಿಕೊಂಡ ಟೆಂಪೋಗಳು ನಮ್ಮ ಬಸ್ಸನ್ನು ದಾಟಿ ಮುಂದೆ ಹೋಗುತ್ತಿದ್ದವು, ಅವುಗಳಲ್ಲಿ ಕೂತವರ ಮೇಲೂ ನನಗೆ ಹೊಟ್ಟೆ ಉರಿಯಿತು. ಮಗಳು ತೊಡೆಯ ಮೇಲೆ ಸುಮ್ಮನಿದ್ದಳು. ರಸ್ತೆ ಬದಿಗೆ ಆಡಿನ ಹಿಂಡು ಹೋಯಿತು. ನೋಡಿದಳು, ಅದಕ್ಕೂ ಅಳಲಿಲ್ಲ.

ಸಂಜೆ ಹೆಂಡತಿ ಬಂದು ಚಿಲಕ ಬಡಿದಳು. ಯಾರೂ ಇಲ್ಲದ ಮನೆಗೆ ಬೀಗ ತೆಗೆಯಲು ಬಂದವಳು ಒಳಗೆ ದೀಪ ಕಂಡು ಗಾಬರಿಯಾಗಿದ್ದಳು. ಬಾಗಿಲು ತೆಗೆದೆ. ನನ್ನನ್ನು ನೋಡಿದಳು, ನನ್ನ ಹಿಂದೆ ನೆಲದ ಮೇಲೆ ಕೂತ ಮಗಳನ್ನು ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಬ್ಯಾಗು ಬಿಸಾಕಿ, ಕೈಕಾಲು ಕೂಡ ತೊಳೆಯದೆ ಮಗಳನ್ನು ಎತ್ತಿ ಎದೆಗೆ ಹಾಕಿಕೊಂಡಳು. ಮಗಳು ಅಳದ ಸುದ್ದಿ ಹೇಳಿದೆ. ಚಪ್ಪಲಿಯ ಸುದ್ದಿಯನ್ನೂ ಹೇಳಿದೆ. "ನಾಳಿ ಹೇಳಿ ಹೋಗ್ತೀನರಿ. ಬಸ್ ತಪ್ಪಿದ್ರ ತಪ್ಪಲಿ" ಎಂದಳು.

ಮರುದಿನ ಬೆಳಿಗ್ಗೆ ನಾನು ಎಲ್ಲಿಗೂ ಒಯ್ಯಲಿಲ್ಲ, ಏನೂ ತೋರಿಸಲಿಲ್ಲ. ಮೂವರೂ ಕಟ್ಟೆಯ ಮೇಲೆ ನಿಂತೆವು. ಹೆಂಡತಿ ಬಿಳಿ ಸೀರೆಯಲ್ಲೇ ಕೆಳಗೆ ಕೂತು ಮಗಳ ಮುಖ ಹಿಡಿದು, "ನಾ ಔರಾದಕ್ಕ ಹೋಗ್ಲಾಕತ್ತೀನಿ. ಸಂಜಿಕ ಬರ್ತೀನಿ. ನೀ ಅಪ್ಪನ ಕಡಿ ಇರು" ಎಂದಳು. ಮಗಳು ಕೇಳಿಸಿಕೊಂಡಳು. ನಿನ್ನೆಯ ಅದೇ ಮುಖ. ಹೆಂಡತಿ ಎದ್ದು ನಡೆದಳು, ಗೋಡೆಗೆ ಅಂಟಿಕೊಂಡಲ್ಲ, ಗಲ್ಲಿಯ ನಡುವೆ, ಮತ್ತೆ ಮತ್ತೆ ತಿರುಗಿ ಕೈ ಬೀಸುತ್ತಾ. ಮಗಳು ನೋಡುತ್ತಲೇ ಇದ್ದಳು. ಅಳು, ನನ್ನವ್ವ, ಅಳು ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಗಲ್ಲಿಯ ತಿರುವಿನಲ್ಲಿ ಆ ಬಿಳಿ ಸೆರಗು ಮರೆಯಾಯಿತು.

ಮೊದಲು ಕೆಳತುಟಿ ನಡುಗಿತು. ಆಮೇಲೆ ಬಾಯಿ ಅಗಲವಾಯಿತು, ಸ್ವಲ್ಪ ಹೊತ್ತು ದನಿಯೇ ಬರಲಿಲ್ಲ. ಆಮೇಲೆ ಬಂತು. ಎಂಥ ಅಳು ಅಂತೀರಿ! ಗಲ್ಲಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು, ಆಡು ಹಗ್ಗ ಜಗ್ಗಿಕೊಂಡಿತು. ಎತ್ತಿಕೊಂಡರೆ ನನ್ನ ಎದೆಗೆ ಗುದ್ದಿದಳು, ನನ್ನ ಕಿವಿ ಹಿಡಿದು ಎಳೆದಳು, "ಅವ್ವಾ ಅವ್ವಾ" ಎಂದು ಗಂಟಲು ಹರಿಯುವ ಹಾಗೆ ಚೀರಿದಳು. ಖಾಲಾ ಕೈಯಲ್ಲಿ ಬಕೆಟ್ಟು ಹಿಡಿದುಕೊಂಡೇ ಓಡಿ ಬಂದರು.

"ಯಾ ಅಲ್ಲಾ, ಏನಾತು ಪೋರಿಗಿ?"

"ಅಳ್ಲಾಕತ್ತಾಳ ಖಾಲಾ" ಎಂದೆ.

"ಅದು ನನಗೂ ಕಾಣಸ್ತದ. ನೀ ಯಾಕ ನಗ್ಲಾಕತ್ತಿ?"

ನಗುತ್ತಿದ್ದೇನೆ ಎಂಬುದು ಅವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಕಣ್ಣೊರೆಸಿಕೊಂಡು, ಒದೆಯುತ್ತಿದ್ದ ಕೂಸನ್ನು ಗಟ್ಟಿಯಾಗಿ ಹಿಡಿದು ಒಳಗೆ ಬಂದು ಚಿಲಕ ಹಾಕಿದೆ. ಸಂಜೆಯಾಗಲು ಇನ್ನೂ ಬಹಳ ಹೊತ್ತಿತ್ತು.